‘ಬಿಗಿ ಹಿಡಿಯಿರಿ’ ಅಂದರೆ ಯಾವುದನ್ನು?

ಪ್ರಾಸ್ಟೇಟ್ ಆಪರೇಷನ್ ಮುಗಿಸಿಕೊಂಡು ಮನೆಗೆ ಹೊರಟ ಗಂಡಸಿನ ಕೈಗೆ ಔಷಧಿ ಚೀಟಿಯ ಜೊತೆ ಸಾಮಾನ್ಯವಾಗಿ ಇನ್ನೊಂದು ಹಾಳೆಯೂ ಬರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ: ‘ಗ್ಯಾಸ್ ಹೋಗದಂತೆ ತಡೆಯುವ ಹಾಗೆ ಬಿಗಿ ಹಿಡಿಯಿರಿ. 10 ಎಣಿಸಿ ಬಿಡಿ. ದಿನಕ್ಕೆ 3 ಹೊತ್ತು ಮಾಡಿ.’ ಆತ ಬಿಗಿ ಹಿಡಿಯುತ್ತಾನೆ. ಪೃಷ್ಠ ಕಲ್ಲಾಗುತ್ತದೆ, ತೊಡೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಹೊಟ್ಟೆ ಸೆಟೆದುಕೊಳ್ಳುತ್ತದೆ, ಉಸಿರು ನಿಂತು ಮುಖ ಕೆಂಪೇರುತ್ತದೆ. ಮೂರು ತಿಂಗಳು ತಪ್ಪದೆ ಮಾಡುತ್ತಾನೆ. ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ ಮೂತ್ರ ಸೋರುವುದು ಮಾತ್ರ ನಿಲ್ಲುವುದಿಲ್ಲ. ಈ ವ್ಯಾಯಾಮದಿಂದ ಏನೂ ಆಗುವುದಿಲ್ಲ ಎಂದು ಕೈಬಿಡುತ್ತಾನೆ. ಅವನ ಶ್ರದ್ಧೆಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ವ್ಯಾಯಾಮ ಸಿಕ್ಕಿದ್ದು ಮಲದ್ವಾರಕ್ಕೆ, ಸೋರುತ್ತಿದ್ದದ್ದು ಮೂತ್ರ.

ಇದು ಒಬ್ಬಿಬ್ಬರ ಕತೆಯಲ್ಲ. ಗಂಡಸರಿಗೆ ಪೆಲ್ವಿಕ್ ಫ್ಲೋರ್ ವ್ಯಾಯಾಮ ಹೇಳಿಕೊಡುವ ರೀತಿಯೇ ಮೂಲದಲ್ಲಿ ತಪ್ಪಿರಬಹುದೇ ಎಂಬ ಪ್ರಶ್ನೆ ಕಳೆದ ಹದಿನೈದು ವರ್ಷಗಳಲ್ಲಿ ಗಂಭೀರವಾಗಿ ಎದ್ದಿದೆ. ವ್ಯಾಯಾಮ ಎಷ್ಟು ಹೊತ್ತು, ಎಷ್ಟು ಸಲ ಎಂಬುದರ ಮೇಲೆ ದಶಕಗಳ ಕಾಲ ಚರ್ಚೆ ನಡೆದಿದೆ. ಯಾವ ಮಾತಿನಲ್ಲಿ ಹೇಳಬೇಕು ಎಂಬುದರ ಮೇಲೆ ಚರ್ಚೆ ಶುರುವಾದದ್ದು ತಡವಾಗಿ. ನನ್ನ ಪ್ರಕಾರ ಎರಡನೆಯದೇ ದೊಡ್ಡ ಪ್ರಶ್ನೆ.

ಮೊದಲು ದೇಹದ ಕಡೆ ನೋಡೋಣ. ಸೊಂಟದ ಮೂಳೆಗಳು ಸೇರಿ ಒಂದು ಬಟ್ಟಲಾಗುತ್ತವೆ, ಆದರೆ ಆ ಬಟ್ಟಲಿಗೆ ಮೂಳೆಯ ತಳವಿಲ್ಲ. ಮುಂದಿನ ಪ್ಯೂಬಿಕ್ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿ ಕಟ್ಟಿದಂತೆ ಹರಡಿರುವ ಸ್ನಾಯುಗಳೇ ಅದರ ತಳ. ಪೆಲ್ವಿಕ್ ಫ್ಲೋರ್, ಪುಸ್ತಕದ ಕನ್ನಡದಲ್ಲಿ ಶ್ರೋಣಿತಳ, ಎಂಬ ಹೆಸರು ಕೇಳಿದರೆ ಒಂದೇ ಸ್ನಾಯು ಇದ್ದಂತೆ ಅನ್ನಿಸುತ್ತದೆ. ಹಾಗಿಲ್ಲ. ಗಂಡಸಿನಲ್ಲಿ ಅಲ್ಲಿ ಕೆಲಸಕ್ಕೊಂದು ಸ್ನಾಯು ಇದೆ. ಪ್ಯೂಬೊರೆಕ್ಟಾಲಿಸ್ ಎಂಬುದು ಮಲದ್ವಾರದ ಹಿಂದಿನಿಂದ ಸುತ್ತಿ ಬಂದು ಅದನ್ನು ಮುಂದಕ್ಕೆ ಎಳೆಯುವ ಪಟ್ಟಿ. ಬಲ್ಬೊಕ್ಯಾವರ್ನೋಸಸ್ ಶಿಶ್ನದ ಬುಡವನ್ನು ಅಪ್ಪಿಕೊಂಡಿದೆ. ಮೂತ್ರದ ಕೊನೆಯ ಹನಿಗಳನ್ನೂ ವೀರ್ಯವನ್ನೂ ಹಿಂಡಿ ಹೊರಹಾಕುವುದು ಅದೇ. ಇಸ್ಕಿಯೊಕ್ಯಾವರ್ನೋಸಸ್‌ಗೆ ನಿಮಿರುವಿಕೆಯಲ್ಲಿ ಪಾತ್ರವಿದೆ. ಮಲದ್ವಾರಕ್ಕೆ ತನ್ನದೇ ಆದ ಸ್ಫಿಂಕ್ಟರ್, ಅಂದರೆ ಸುತ್ತಿಕೊಂಡು ಮುಚ್ಚಿಡುವ ಸ್ನಾಯು, ಬೇರೆ. ಇವೆಲ್ಲದರ ನಡುವೆ, ಪ್ರಾಸ್ಟೇಟ್ ಗ್ರಂಥಿಯ ಸರಿಯಾಗಿ ಕೆಳಗೆ, ಮೂತ್ರನಾಳವನ್ನು ಕುದುರೆ ಲಾಳದ ಆಕಾರದಲ್ಲಿ ಮುಂದಿನಿಂದ ಸುತ್ತಿಕೊಂಡಿರುವ ಪುಟ್ಟ ಸ್ನಾಯುವೊಂದಿದೆ: ಮೂತ್ರನಾಳದ ಹೊರ ಸ್ಫಿಂಕ್ಟರ್. ಅದು ಕುಗ್ಗಿದಾಗ ಮೂತ್ರನಾಳ ಹಿಂದಕ್ಕೆ ಸರಿದು ಮುಚ್ಚಿಕೊಳ್ಳುತ್ತದೆ.

ಆಪರೇಷನ್ ಆಗದ ಗಂಡಸಿಗೆ ಮೂತ್ರ ತಡೆಯಲು ಎರಡು ಬಾಗಿಲು. ಮೂತ್ರಚೀಲದ ಕೊರಳಲ್ಲಿರುವ ಒಳಬಾಗಿಲು ತಾನಾಗಿಯೇ ಕೆಲಸ ಮಾಡುತ್ತದೆ; ನಮ್ಮ ಇಚ್ಛೆಗೆ ಅದು ಬಗ್ಗುವುದಿಲ್ಲ. ಹೊರಬಾಗಿಲು ಆ ಪುಟ್ಟ ಸ್ಫಿಂಕ್ಟರ್. ಕ್ಯಾನ್ಸರ್ ಬಂದು ಪ್ರಾಸ್ಟೇಟನ್ನು ಪೂರ್ತಿ ತೆಗೆದಾಗ ಅದರ ಜೊತೆ ಅದರೊಳಗೆ ಹಾದುಹೋಗುವ ಮೂತ್ರನಾಳದ ಭಾಗವೂ ಹೋಗುತ್ತದೆ, ಒಳಬಾಗಿಲಿನ ಕೆಲಸ ಬಹುಮಟ್ಟಿಗೆ ಕೆಡುತ್ತದೆ. ಮೂತ್ರಚೀಲವನ್ನು ಕೆಳಕ್ಕೆಳೆದು ಉಳಿದ ನಾಳಕ್ಕೆ ಹೊಲಿಯುತ್ತಾರೆ. ಅಲ್ಲಿಂದ ಮುಂದೆ ಹೊರ ಸ್ಫಿಂಕ್ಟರ್ ಮೊದಲಿಗಿಂತ ಹೆಚ್ಚು ಹೊರೆ ಹೊರಬೇಕು. ಅದಕ್ಕೆ ನೆರವಾಗಬಲ್ಲವು ಹಿಂದಿನಿಂದ ಒತ್ತುವ ಪ್ಯೂಬೊರೆಕ್ಟಾಲಿಸ್, ಕೆಳಗಿನಿಂದ ಹಿಂಡುವ ಬಲ್ಬೊಕ್ಯಾವರ್ನೋಸಸ್. ಮಲದ್ವಾರದ ಸ್ಫಿಂಕ್ಟರ್ ಎಷ್ಟೇ ಗಟ್ಟಿಯಾದರೂ ಮೂತ್ರನಾಳವನ್ನು ಮುಚ್ಚಲಾರದು.

ಹಾಗಿದ್ದರೆ ಗ್ಯಾಸ್ ತಡೆಯುವ ಉಪಮೆ ಎಲ್ಲಿಂದ ಬಂತು? ಈ ವ್ಯಾಯಾಮಕ್ಕೆ ತನ್ನ ಹೆಸರನ್ನೇ ಬಿಟ್ಟುಹೋದ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದಾಗ ಅವರ ಎದುರಿಗಿದ್ದದ್ದು ಹೆರಿಗೆಯ ನಂತರ ಸ್ನಾಯು ಸಡಿಲಗೊಂಡ ಹೆಂಗಸರು. ಅವರು ಬಾಯಿಮಾತಿನಲ್ಲಿ ಹೇಳಿ ಬಿಟ್ಟವರಲ್ಲ. ಯೋನಿಯೊಳಗೆ ಇಟ್ಟು ಒತ್ತಡ ಅಳೆಯುವ ಪೆರಿನಿಯೋಮೀಟರ್ ಎಂಬ ಸಾಧನ ಮಾಡಿಕೊಂಡಿದ್ದರು. ಹೆಣ್ಣು ತಾನು ಸರಿಯಾಗಿ ಮಾಡುತ್ತಿದ್ದಾಳೋ ಇಲ್ಲವೋ ಎಂದು ಮುಳ್ಳು ನೋಡಿ ತಿಳಿಯಬಹುದಿತ್ತು. ಕಾಲ ಕಳೆದಂತೆ ಹೆಸರು ಉಳಿಯಿತು, ಸಾಧನ ಕಳಚಿಕೊಂಡಿತು, ಸಾಲುಗಳಷ್ಟೇ ಹಾಳೆಯ ಮೇಲೆ ಉಳಿದವು. ಬರೀ ಸಾಲುಗಳಿಂದ ಏನಾಗುತ್ತದೆ ಎಂಬುದಕ್ಕೆ 1991ರ ಅಮೆರಿಕದ ಅಧ್ಯಯನವೊಂದು ಉತ್ತರ ಕೊಟ್ಟಿತ್ತು. 47 ಮಹಿಳೆಯರಿಗೆ ಚುಟುಕಾಗಿ ಬಾಯಿಮಾತಿನಲ್ಲಿ ಹೇಳಿಕೊಟ್ಟು ನೋಡಿದಾಗ ಸರಿಯಾಗಿ ಕುಗ್ಗಿಸಿದವರು 49 ಶೇಕಡ. ಸುಮಾರು ಕಾಲುಭಾಗ ಮಂದಿ ಮಾಡುತ್ತಿದ್ದದ್ದು ಸೋರಿಕೆಯನ್ನು ಹೆಚ್ಚಿಸಬಹುದಾದಂಥ ತಿಣುಕಾಟ.

ಗಂಡಸರಿಗೆ ಹೊಸದಾಗಿ ಯೋಚಿಸಿ ಏನನ್ನೂ ರೂಪಿಸಲಿಲ್ಲ. ಹೆಂಗಸರ ಅಂಗಿಯನ್ನೇ ಸ್ವಲ್ಪ ಹೊಲಿದು ತೊಡಿಸಿದಂತಾಯಿತು. ಯೋನಿ ಇಲ್ಲವಾದ್ದರಿಂದ ಪರೀಕ್ಷಿಸುವ ಬೆರಳೂ ಅಳೆಯುವ ಪ್ರೋಬೂ ಮಲದ್ವಾರಕ್ಕೆ ಹೋದವು. ಇದರಲ್ಲೊಂದು ಸೂಕ್ಷ್ಮವಿದೆ. ಬೆರಳಿಗೆ ಅಲ್ಲಿ ಸಿಗುವುದು ಮಲದ್ವಾರದ ಸ್ಫಿಂಕ್ಟರ್ ಮತ್ತು ಪ್ಯೂಬೊರೆಕ್ಟಾಲಿಸ್. ಮೂತ್ರನಾಳದ ಸ್ಫಿಂಕ್ಟರ್ ಏನು ಮಾಡುತ್ತಿದೆ ಎಂಬುದು ಆ ಬೆರಳಿಗೆ ತಿಳಿಯುವುದಿಲ್ಲ. ‘ಇನ್ನೂ ಜೋರಾಗಿ, ಹಾಂ, ಈಗ ಸರಿ’ ಎಂದು ಶಹಬ್ಬಾಸ್ ಸಿಗುವುದು ಬೆರಳಿಗೆ ಸಿಕ್ಕ ಸ್ನಾಯುವಿಗೆ. ರೋಗಿ ಅದನ್ನೇ ಕಲಿಯುತ್ತಾನೆ, ಅದನ್ನೇ ಬೆಳೆಸುತ್ತಾನೆ. ಅಳತೆಗೋಲು ಇಟ್ಟ ಜಾಗಕ್ಕೆ ತಕ್ಕಂತೆ ಪಾಠವೂ ತಿರುಗಿಕೊಂಡಿತು.

ಈ ಗಂಟನ್ನು ಬಿಡಿಸಲು ಕೈಹಾಕಿದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಜಸ್, ರಯಾನ್ ಸ್ಟಾಫರ್ಡ್ ಮತ್ತು ಸಂಗಡಿಗರು. ಅವರು ಬೆರಳನ್ನು ಬಿಟ್ಟು ಅಲ್ಟ್ರಾಸೌಂಡ್ ಹಿಡಿದರು. ವೃಷಣಚೀಲಕ್ಕೂ ಮಲದ್ವಾರಕ್ಕೂ ನಡುವಿನ ಜಾಗದಲ್ಲಿ, ಚರ್ಮದ ಮೇಲೆಯೇ ಪ್ರೋಬ್ ಇಟ್ಟರೆ ತೆರೆಯ ಮೇಲೆ ಎಲ್ಲವೂ ಒಟ್ಟಿಗೆ ಕಾಣುತ್ತದೆ. ಮೂತ್ರನಾಳದ ನಡುಭಾಗ ಹಿಂದಕ್ಕೆ ಸರಿದರೆ ಅದು ಹೊರ ಸ್ಫಿಂಕ್ಟರ್‌ನ ಕೆಲಸ. ಗುದನಾಳ ಬಾಗುವ ಜಾಗ ಮುಂದಕ್ಕೂ ಮೇಲಕ್ಕೂ ಬಂದರೆ ಪ್ಯೂಬೊರೆಕ್ಟಾಲಿಸ್. ಶಿಶ್ನದ ಬುಡದ ಉಬ್ಬು ಅದುಮಿಕೊಂಡರೆ ಬಲ್ಬೊಕ್ಯಾವರ್ನೋಸಸ್. 2012ರಲ್ಲಿ ಈ ವಿಧಾನವನ್ನು ವಿವರಿಸಿದ ಮೇಲೆ, 2016ರಲ್ಲಿ ಅದೇ ತಂಡ ಬಹಳ ಸರಳವೆನಿಸುವ ಪ್ರಯೋಗವೊಂದನ್ನು ಪ್ರಕಟಿಸಿತು. 15 ಮಂದಿ ಆರೋಗ್ಯವಂತ ಗಂಡಸರಿಗೆ ನಾಲ್ಕು ಬೇರೆ ಬೇರೆ ಮಾತುಗಳಲ್ಲಿ ಸೂಚನೆ: ಮಲದ್ವಾರದ ಸುತ್ತ ಬಿಗಿಯಿರಿ, ಮೂತ್ರಚೀಲವನ್ನು ಮೇಲೆತ್ತಿ, ಮೂತ್ರದ ಹರಿವನ್ನು ನಿಲ್ಲಿಸಿ, ಶಿಶ್ನವನ್ನು ಗಿಡ್ಡ ಮಾಡಿ.

ಮಾತು ಬದಲಾದಂತೆ ಒಳಗೆ ದುಡಿಯುವ ಸ್ನಾಯುವೇ ಬದಲಾಯಿತು. ಮಲದ್ವಾರ ಎಂದಾಗ ಮಲದ್ವಾರದ ಸ್ಫಿಂಕ್ಟರ್ ಎಲ್ಲಕ್ಕಿಂತ ಹೆಚ್ಚು ದುಡಿಯಿತು, ಅದರಲ್ಲಿ ಆಶ್ಚರ್ಯವಿಲ್ಲ. ಮೂತ್ರಚೀಲ ಮೇಲೆತ್ತಿ ಎಂದಾಗ ಹೊಟ್ಟೆಯ ಸ್ನಾಯುಗಳು ಎದ್ದು ನಿಂತವು, ಹೊಟ್ಟೆಯೊಳಗಿನ ಒತ್ತಡ ಎಲ್ಲಕ್ಕಿಂತ ಹೆಚ್ಚು ಏರಿತು. ಮೂತ್ರನಾಳದ ಸ್ಫಿಂಕ್ಟರ್ ಅತಿ ಹೆಚ್ಚು ಕೆಲಸ ಮಾಡಿದ್ದು ‘ಶಿಶ್ನವನ್ನು ಗಿಡ್ಡ ಮಾಡಿ’ ಎಂದಾಗ. ಹದಿನೈದು ಜನ ಅಂದರೆ ಸಣ್ಣ ಸಂಖ್ಯೆ, ಅವರಾರಿಗೂ ಸೋರಿಕೆ ಇರಲಿಲ್ಲ. ಆದರೂ ಒಂದು ವಿಷಯ ಇಲ್ಲಿ ಖಚಿತವಾಯಿತು: ‘ಪೆಲ್ವಿಕ್ ಫ್ಲೋರ್ ಕುಗ್ಗಿಸಿ’ ಎಂಬುದು ಒಂದು ಸೂಚನೆಯೇ ಅಲ್ಲ. ‘ಕೈ ಆಡಿಸಿ’ ಎಂದು ಹೇಳಿ ಯಾವ ಬೆರಳು ಎಂದು ಹೇಳದೆ ಬಿಟ್ಟಂತೆ ಅದು.

ಹೊಟ್ಟೆಯ ಒತ್ತಡದ ವಿಚಾರ ಇನ್ನೊಂದು ಮಾತು ಬೇಡುತ್ತದೆ. ಮೂತ್ರ ಸೋರುವುದು ಒಂದು ಹಗ್ಗಜಗ್ಗಾಟ. ಮೇಲಿನಿಂದ ಮೂತ್ರಚೀಲವನ್ನು ಒತ್ತುವ ಬಲ ಒಂದು ಕಡೆ, ನಾಳವನ್ನು ಮುಚ್ಚಿಡುವ ಬಲ ಇನ್ನೊಂದು ಕಡೆ. ಕೆಮ್ಮು, ಸೀನು, ಭಾರ ಎತ್ತುವುದು ಮೊದಲನೆಯದನ್ನು ಹೆಚ್ಚಿಸುತ್ತವೆ. ಉಸಿರು ಕಟ್ಟಿ, ಹೊಟ್ಟೆ ಸೆಟೆಸಿ ‘ಜೋರಾಗಿ’ ವ್ಯಾಯಾಮ ಮಾಡುವವನೂ ಮೊದಲನೆಯದನ್ನೇ ಹೆಚ್ಚಿಸುತ್ತಾನೆ. ಪುಟ್ಟ ಸ್ಫಿಂಕ್ಟರ್‌ನ ಎದುರು ಹೊಟ್ಟೆಯ ದೊಡ್ಡ ಸ್ನಾಯುಗಳನ್ನು ಅಖಾಡಕ್ಕೆ ಇಳಿಸಿದರೆ ಯಾರು ಗೆಲ್ಲುತ್ತಾರೆಂದು ಹೇಳಬೇಕಿಲ್ಲ. ಜಿಮ್‌ನಲ್ಲಿ ಕಲಿತ ‘ಜಾಸ್ತಿ ಹಾಕಿದಷ್ಟೂ ಒಳ್ಳೆಯದು’ ಎಂಬ ಬುದ್ಧಿ ಗಂಡಸರನ್ನು ಇಲ್ಲಿ ಕೆಡಿಸುತ್ತದೆ. ಕಲಿಯುವ ಹಂತದಲ್ಲಿ ಕಾಲುಭಾಗ ಬಲ ಸಾಕು. ಆ ಸ್ಫಿಂಕ್ಟರ್ ಇರುವುದೇ ಮೆಲ್ಲಗೆ, ಬಹಳ ಹೊತ್ತು ಹಿಡಿದಿಡಲು. ನಿಧಾನವಾಗಿ ದಣಿಯುವ ನಾರುಗಳೇ ಅದರಲ್ಲಿ ಹೆಚ್ಚು.

ಕನ್ನಡದಲ್ಲಿ ಹೇಳಿಕೊಡುವವರಿಗೆ ಇನ್ನೊಂದು ತೊಡಕು. ‘ಬಿಗಿ’ ಎಂಬ ಮಾತು ನಮ್ಮಲ್ಲಿ ಉಸಿರಿನ ಜೊತೆಯಲ್ಲೇ ಓಡಾಡುತ್ತದೆ. ಉಸಿರು ಬಿಗಿಹಿಡಿ, ಮುಷ್ಟಿ ಬಿಗಿ ಮಾಡು, ಮುಖ ಬಿಗಿದುಕೊಂಡ: ಎಲ್ಲದರಲ್ಲೂ ಇಡೀ ಮೈ ಸೆಟೆಯುವ ಚಿತ್ರವಿದೆ. ‘ಬಿಗಿ ಹಿಡಿಯಿರಿ’ ಎಂದಾಗ ಉಸಿರು ಕಟ್ಟಿದವನು ನಮ್ಮ ಮಾತನ್ನು ಪಾಲಿಸಿದ್ದಾನೆ ಅಷ್ಟೇ. ‘ಒಳಕ್ಕೆ ಸೆಳೆದುಕೊಳ್ಳಿ’ ಎಂದು ಹೇಳಿ ನೋಡಿ, ಮೈ ಬೇರೆ ರೀತಿ ಸ್ಪಂದಿಸುತ್ತದೆ. ಎಳೆ, ಸೆಳೆ, ಮೆಲ್ಲಗೆ ಎತ್ತು ಎಂಬ ಕ್ರಿಯಾಪದಗಳಿಗೆ ದಿಕ್ಕಿದೆ; ಬಿಗಿ, ಒತ್ತು, ಅದುಮು ಎಂಬವಕ್ಕೆ ಬರೀ ಬಲವಿದೆ. ಇನ್ನು ಸಂಕೋಚದ ಭಾಷೆ. ‘ಕೆಳಗೆ ಬಿಗಿ ಮಾಡಿ’, ‘ಆ ಜಾಗವನ್ನು ಹಿಡಿದುಕೊಳ್ಳಿ’ ಎಂದು ಹೇಳುವವರೂ ತಲೆಯಾಡಿಸುವವರೂ ಇಬ್ಬರೂ ಬೇಗ ಮುಗಿದರೆ ಸಾಕು ಎಂದುಕೊಳ್ಳುತ್ತಾರೆ. ಶಿಶ್ನ ಎಂಬ ಪದವನ್ನು ಬಾಯಿಬಿಟ್ಟು ಹೇಳಲಾಗದೆ ಇಡೀ ಚಿಕಿತ್ಸೆಯನ್ನು ಹಿಂಬಾಗಿಲಿಗೆ ಸಾಗಹಾಕಿದ್ದೇವೆ ಅಂದರೆ ತೀರಾ ಅತಿಶಯವಾಗಲಾರದು.

ಚೆನ್ನಾಗಿ ಕೆಲಸ ಮಾಡುವ ಉಪಮೆಗಳಿವೆ. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುವ ಹಾಗೆ ಶಿಶ್ನವನ್ನು ಒಳಕ್ಕೆ ಸೆಳೆದುಕೊಳ್ಳಿ. ಸೊಂಟದವರೆಗೆ ತಣ್ಣೀರಿಗೆ ಇಳಿಯುತ್ತಿದ್ದೀರಿ, ನೀರು ತಾಗುವ ಮುಂಚೆ ವೃಷಣಗಳನ್ನು ಮೇಲೆತ್ತಿಕೊಳ್ಳಿ. ನಿಜವಾದ ತಣ್ಣೀರಿನಲ್ಲಿ ಆಗುವ ಸಂಕೋಚನ ಬೇರೆ ಸ್ನಾಯುಗಳದ್ದು, ಅದು ತಾನಾಗಿ ಆಗುವಂಥದ್ದು. ಇಲ್ಲಿ ಬೇಕಾದದ್ದು ಆ ಚಿತ್ರ ಮಾತ್ರ. ಒಬ್ಬನಿಗೆ ಆಮೆ ಹೊಳೆಯುತ್ತದೆ, ಇನ್ನೊಬ್ಬನಿಗೆ ಮೂತ್ರದ ಧಾರೆಯನ್ನು ನಡುವೆ ನಿಲ್ಲಿಸುವ ನೆನಪು ಹೊಳೆಯುತ್ತದೆ. ಮೂರು ನಾಲ್ಕು ಮಾತು ಪ್ರಯತ್ನಿಸಿ ಯಾವುದರಿಂದ ಮುಂದಿನ ಭಾಗ ಚಲಿಸಿತೋ ಅದನ್ನು ಉಳಿಸಿಕೊಳ್ಳುವುದೇ ಕಲಿಸುವವರ ಕೌಶಲ.

ಚಲಿಸಿತೋ ಇಲ್ಲವೋ ತಿಳಿಯುವುದು ಹೇಗೆ? ಗಂಡಸಿಗೆ ಇಲ್ಲೊಂದು ಅನುಕೂಲವಿದೆ: ಕನ್ನಡಿ. ಬಟ್ಟೆಯಿಲ್ಲದೆ ಕನ್ನಡಿಯ ಮುಂದೆ ನಿಂತು ಮೆಲ್ಲಗೆ ಒಳಸೆಳೆದರೆ ಶಿಶ್ನದ ಬುಡ ಒಂದಿಷ್ಟು ಒಳಕ್ಕೆ ಜಗ್ಗುತ್ತದೆ, ವೃಷಣಗಳು ಸ್ವಲ್ಪ ಮೇಲೇರುತ್ತವೆ. ಪೃಷ್ಠ, ತೊಡೆ ಸುಮ್ಮನಿರಬೇಕು. ಹೊಟ್ಟೆ ಉಬ್ಬಲೂ ಬಾರದು, ಗಟ್ಟಿಯಾಗಿ ಒಳಸೇರಲೂ ಬಾರದು. ಆಗಲೂ ಮಾತಾಡಲು ಬರಬೇಕು. ಮಾತು ನಿಂತರೆ ಉಸಿರು ಕಟ್ಟಿದೆ ಎಂದರ್ಥ. ವೃಷಣಚೀಲದ ಹಿಂದೆ ಎರಡು ಬೆರಳಿಟ್ಟರೆ ಅಲ್ಲಿ ಬೆರಳಿಂದ ದೂರ, ಮೇಲಕ್ಕೆ ಸರಿಯುವ ಅನುಭವ ಆಗಬೇಕು. ಅದೇ ಜಾಗ ಬೆರಳನ್ನು ಹೊರಕ್ಕೆ ತಳ್ಳಿದರೆ ಆತ ತಿಣುಕುತ್ತಿದ್ದಾನೆ, ಅಂದರೆ ಬೇಕಾದದ್ದಕ್ಕೆ ತದ್ವಿರುದ್ಧವಾದದ್ದನ್ನು ಮಾಡುತ್ತಿದ್ದಾನೆ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ನೋಡುವುದು ಒಮ್ಮೆ ಪರೀಕ್ಷೆಗೆಂದು ಸರಿ. ಅದನ್ನೇ ದಿನವೂ ಅಭ್ಯಾಸ ಮಾಡಿಕೊಂಡರೆ ಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಅಲ್ಟ್ರಾಸೌಂಡ್ ಇದ್ದರೆ ಇದೆಲ್ಲ ಇನ್ನೂ ಸಲೀಸು. ತೆರೆಯ ಮೇಲೆ ತನ್ನದೇ ಮೂತ್ರನಾಳ ಹಿಂದಕ್ಕೆ ಸರಿಯುವುದನ್ನು ಒಮ್ಮೆ ಕಂಡವನಿಗೆ ಮತ್ತೆ ಉಪಮೆ ಬೇಕಾಗುವುದಿಲ್ಲ.

ಇಲ್ಲಿಗೆ ಬಂದಾಗ ನಿಷ್ಠುರ ಓದುಗರು ಕೇಳಬಹುದು: ಇಷ್ಟೆಲ್ಲ ಮಾಡಿದರೆ ನಿಜಕ್ಕೂ ಸೋರಿಕೆ ನಿಲ್ಲುತ್ತದೆಯೇ? ಪುರಾವೆಗಳು ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. 2000ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಬೆಲ್ಜಿಯಂನ ಲ್ಯೂವೆನ್‌ನ ಪ್ರಯೋಗದಲ್ಲಿ 102 ಗಂಡಸರಿದ್ದರು. ಪ್ರಾಸ್ಟೇಟ್ ತೆಗೆಸಿಕೊಂಡ ಮೂರು ತಿಂಗಳಿಗೆ, ವ್ಯಾಯಾಮದ ತರಬೇತಿ ಪಡೆದವರಲ್ಲಿ 88 ಶೇಕಡ ಮಂದಿಗೆ ಮೂತ್ರದ ಹಿಡಿತ ಮರಳಿತ್ತು, ಉಳಿದವರಲ್ಲಿ 56 ಶೇಕಡಕ್ಕೆ. ಬೆನ್ನು ತಟ್ಟಿಕೊಳ್ಳುವಂಥ ಫಲಿತಾಂಶ. ಆದರೆ 2011ರಲ್ಲಿ ಅದೇ ಪತ್ರಿಕೆಯಲ್ಲಿ ಬ್ರಿಟನ್‌ನ ದೊಡ್ಡ ಪ್ರಯೋಗ ಬಂತು. ಪ್ರಾಸ್ಟೇಟ್ ಪೂರ್ತಿ ತೆಗೆಸಿಕೊಂಡ 411 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಬ್ಬೊಬ್ಬರನ್ನೇ ಕೂರಿಸಿ ಹೇಳಿಕೊಟ್ಟರು. ವರ್ಷದ ನಂತರ ನೋಡಿದರೆ ಕಲಿತವರಲ್ಲಿ 76 ಶೇಕಡ ಮಂದಿಗೆ ಸೋರಿಕೆ ಉಳಿದಿತ್ತು, ಕಲಿಯದವರಲ್ಲಿ 77 ಶೇಕಡಕ್ಕೆ. ವ್ಯತ್ಯಾಸವೇ ಇಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ 2023ರ ಕಾಕ್ರೇನ್ ವಿಮರ್ಶೆಯೂ ಇಂಥ ಚಿಕಿತ್ಸೆಗಳ ಬೆಲೆ ಇನ್ನೂ ಅನಿಶ್ಚಿತ ಎಂದೇ ಹೇಳಿತು.

ಬ್ರಿಟನ್‌ನ ಫಲಿತಾಂಶ ನೋಡಿ ವ್ಯಾಯಾಮವನ್ನೇ ಕಸದ ಬುಟ್ಟಿಗೆ ಹಾಕಬೇಕು ಎನ್ನುವವರಿದ್ದಾರೆ. ಹಾಜಸ್ ತಂಡದ ವಾದ ಬೇರೆ: ಮಲದ್ವಾರವನ್ನು ಕೇಂದ್ರವಾಗಿಟ್ಟ ಪಾಠದಿಂದ ಮೂತ್ರನಾಳದ ಫಲ ನಿರೀಕ್ಷಿಸಿದ್ದೇ ತಪ್ಪು. ಈ ವಾದ ನನಗೆ ಒಪ್ಪಿಗೆಯಾಗುತ್ತದೆ, ಆದರೆ ಪೂರ್ತಿ ಮನಸ್ಸಿನಿಂದಲ್ಲ. ಸೋತ ಪ್ರಯೋಗಕ್ಕೆ ‘ಸರಿಯಾಗಿ ಮಾಡಲಿಲ್ಲ’ ಎಂಬ ಸಮಜಾಯಿಷಿ ಯಾವಾಗಲೂ ಸುಲಭವಾಗಿ ಸಿಗುತ್ತದೆ. ಜೊತೆಗೆ, ಆಪರೇಷನ್ ಆದ ಮೇಲೆ ವರ್ಷದೊಳಗೆ ಬಹಳಷ್ಟು ಮಂದಿಯಲ್ಲಿ ಸೋರಿಕೆ ತಾನಾಗಿಯೇ ಇಳಿಯುತ್ತದೆ; ವ್ಯಾಯಾಮದ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ವ್ಯಾಯಾಮದಿಂದ ಲಾಭ ಕಾಣಿಸಿದ ಕಡೆಯೂ ಅದು ಹೆಚ್ಚಾಗಿ ಬೇಗ ಸುಧಾರಿಸುವ ರೂಪದಲ್ಲಿದೆ. ಮೂರನೇ ತಿಂಗಳಿಗೇ ಪ್ಯಾಡ್ ಬಿಡುವುದಕ್ಕೂ ಹತ್ತನೇ ತಿಂಗಳಿಗೆ ಬಿಡುವುದಕ್ಕೂ ಅನುಭವಿಸುವವನಿಗೆ ಅಜಗಜಾಂತರ, ವರ್ಷದ ಕೊನೆಯ ಲೆಕ್ಕದಲ್ಲಿ ಮಾತ್ರ ಅದು ಕಾಣಿಸುವುದಿಲ್ಲ.

ಕಲಿಸುವ ಸಮಯವೂ ಇದಕ್ಕೆ ಸೇರುತ್ತದೆ. ಆಪರೇಷನ್ ಆಗಿ, ಕ್ಯಾತಿಟರ್ ತೆಗೆದು, ನೋವು, ಊತ, ಗಾಬರಿ ಎಲ್ಲ ಇರುವಾಗ ಇಲ್ಲಿಯವರೆಗೆ ಹೆಸರೇ ಕೇಳದ ಸ್ನಾಯುವನ್ನು ಹುಡುಕು ಎನ್ನುವುದು ಮುಳುಗುತ್ತಿರುವವನಿಗೆ ಈಜು ಕಲಿಸಿದಂತೆ. ಆಪರೇಷನ್‌ಗೆ ಕೆಲವು ವಾರ ಮುಂಚೆಯೇ, ಎಲ್ಲ ಸರಿಯಿರುವಾಗ ಕಲಿತರೆ ಆ ಹಿಡಿತ ಮೈಗೆ ನೆನಪಿರುತ್ತದೆ. 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಇನ್ನೊಂದು ಪ್ರಯೋಗ 97 ಗಂಡಸರಿಗೆ ಆಪರೇಷನ್‌ಗೆ 5 ವಾರ ಮೊದಲೇ ಕಲಿಸಿತು. ಅವರಲ್ಲಿ ಒಂದು ಗುಂಪು ದಿನಕ್ಕೆ 6 ಸುತ್ತು, ನಿಂತುಕೊಂಡೇ, ಬೇಗ ಕುಗ್ಗಿಸಿ ಬಿಡುವುದನ್ನೂ ಹಿಡಿದು ನಿಲ್ಲಿಸುವುದನ್ನೂ ಬೆರೆಸಿ ಮಾಡಿತು. ಆ ಗುಂಪಿನವರ ಸೋರಿಕೆ ಬೇಗ ಇಳಿಯಿತು. ನಿಂತುಕೊಂಡು ಎಂಬ ಪದವನ್ನು ಗಮನಿಸಿ. ಹೆಚ್ಚಿನ ಹಾಳೆಗಳು ಮಲಗಿ ಮಾಡಿ ಎನ್ನುತ್ತವೆ. ಮಲಗಿರುವಾಗ ಯಾರಿಗೂ ಅಷ್ಟಾಗಿ ಸೋರುವುದಿಲ್ಲ. ಸೋರುವುದು ಏಳುವಾಗ, ಬಗ್ಗುವಾಗ, ಸಂಜೆ ದಣಿದಾಗ. ಮಲಗಿ ಕಲಿಯಲಿ, ಆದರೆ ಅಲ್ಲಿಗೇ ನಿಲ್ಲಬಾರದು. ಕುರ್ಚಿಯಿಂದ ಏಳುವ ಒಂದು ಕ್ಷಣ ಮುಂಚೆ, ಕೆಮ್ಮು ಬರುವ ಮುಂಚೆ ಒಳಸೆಳೆದು ಹಿಡಿಯುವುದು ರೂಢಿಯಾಗಬೇಕು. ದಿನಕ್ಕೆ ಮುನ್ನೂರು ಸಲ ಎಣಿಸಿ ಮಾಡಿ, ಕೆಮ್ಮುವಾಗ ಮರೆತರೆ ಎಣಿಕೆ ವ್ಯರ್ಥ.

ಸೋರಿಕೆ ಬಿಟ್ಟರೆ ಬೇರೆ ಕಾರಣಗಳಿಗೂ ಗಂಡಸರು ಈ ವ್ಯಾಯಾಮದ ಹತ್ತಿರ ಬರುತ್ತಾರೆ, ಆಗ ಗುರಿ ಬೇರೆ. ಮೂತ್ರ ಮಾಡಿ ಮುಗಿಸಿ ಪ್ಯಾಂಟ್ ಏರಿಸಿದ ಮೇಲೆ ನಾಲ್ಕು ಹನಿ ಜಾರುವ ಸಮಸ್ಯೆ ಬಹಳ ಜನರಿಗಿದೆ. ಅದು ಸ್ಫಿಂಕ್ಟರ್‌ನ ತಪ್ಪಲ್ಲ. ನಾಳದ ಬಾಗಿದ ಭಾಗದಲ್ಲಿ ಉಳಿದ ಮೂತ್ರ. ಅಲ್ಲಿ ದುಡಿಯಬೇಕಾದದ್ದು ಬಲ್ಬೊಕ್ಯಾವರ್ನೋಸಸ್. ಮುಗಿದ ಕೂಡಲೇ ಒಂದು ಸಲ ಜೋರಾಗಿ ಹಿಂಡಿ, ವೃಷಣಚೀಲದ ಹಿಂದಿನಿಂದ ಬೆರಳಲ್ಲಿ ಮುಂದಕ್ಕೆ ಸವರಿದರೆ ಬಹಳಷ್ಟು ಕಡಿಮೆಯಾಗುತ್ತದೆ. ನಿಮಿರುವಿಕೆಯ ತೊಂದರೆಗೂ ಪುರಾವೆ ಇದೆ. ಬ್ರಿಟನ್‌ನ ಫಿಸಿಯೊಥೆರಪಿಸ್ಟ್ ಗ್ರೇಸ್ ಡೋರಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ 55 ಗಂಡಸರ ಅಧ್ಯಯನದಲ್ಲಿ, ಜೀವನಶೈಲಿಯ ಬದಲಾವಣೆಯ ಜೊತೆ ವ್ಯಾಯಾಮ ಮಾಡಿದವರಲ್ಲಿ 40 ಶೇಕಡ ಮಂದಿ ಸಹಜ ಸ್ಥಿತಿಗೆ ಬಂದರು, 35.5 ಶೇಕಡ ಸುಧಾರಿಸಿದರು, ಉಳಿದ 24.5 ಶೇಕಡಕ್ಕೆ ಏನೂ ಆಗಲಿಲ್ಲ. ಜಾಲತಾಣಗಳ ಜಾಹೀರಾತುಗಳಲ್ಲಿ ಮೊದಲ ಸಂಖ್ಯೆ ಮಾತ್ರ ಸಿಗುತ್ತದೆ.

ಈ ಜಾಹೀರಾತುಗಳಿಂದ ಹುಟ್ಟಿದ ಇನ್ನೊಂದು ಗುಂಪಿದೆ. ಶಕ್ತಿ ಹೆಚ್ಚಲಿ ಎಂದು ದಿನವಿಡೀ ಹಿಂಡುತ್ತಾ ಕೂತ ತರುಣರು. ಇವರಲ್ಲಿ ಕೆಲವರ ಸ್ನಾಯು ಸಡಿಲವಾಗಿಯೇ ಇರುವುದಿಲ್ಲ; ಮೊದಲೇ ಅತಿಯಾಗಿ ಸೆಟೆದಿರುತ್ತದೆ. ಕೂತರೆ ವೃಷಣಚೀಲದ ಹಿಂದೆ ನೋವು, ಮೂತ್ರ ಶುರುವಾಗಲು ಕಾಯಬೇಕಾದ ಸ್ಥಿತಿ, ವೀರ್ಯಸ್ಖಲನದ ನಂತರ ಉರಿ ಅಥವಾ ಸೆಳೆತ. ದೀರ್ಘಕಾಲದ ಶ್ರೋಣಿ ನೋವಿನ ಈ ಲಕ್ಷಣಗಳಿರುವವರಿಗೆ ಕೆಗೆಲ್ ಹೇಳಿಕೊಟ್ಟರೆ ಬೆಂಕಿಗೆ ತುಪ್ಪ. ಅವರಿಗೆ ಬೇಕಾದ ಪಾಠ ಬಿಡುವುದು. ಒಳ್ಳೆಯ ಫಿಸಿಯೊಥೆರಪಿಸ್ಟ್ ಕುಗ್ಗಿಸಲು ಹೇಳುವ ಮುಂಚೆ ಪೂರ್ತಿ ಸಡಿಲಿಸಲು ಬರುತ್ತದೆಯೇ ಎಂದು ನೋಡುವುದು ಇದಕ್ಕೇ.

ಸಡಿಲಿಸುವುದನ್ನು ಕಲಿಸಲೂ ಮಾತೇ ಬೇಕು. ‘ರಿಲ್ಯಾಕ್ಸ್ ಮಾಡಿ’ ಎಂದರೆ ಯಾರೂ ಸಡಿಲಾಗುವುದಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನ ಉಸಿರೆಳೆದುಕೊಳ್ಳಲು ಹೇಳಬೇಕು. ಉಸಿರೆಳೆದಾಗ ಎದೆಗೂಡಿನ ಕೆಳಗಿನ ವಪೆ ಇಳಿಯುತ್ತದೆ, ಅದರ ಜೊತೆ ಕೆಳಗಿನ ಜೋಲಿಯೂ ತುಸು ಇಳಿಯುತ್ತದೆ. ಬಿಟ್ಟಾಗ ಎರಡೂ ಏರುತ್ತವೆ. ಆ ಇಳಿತವನ್ನು ವೃಷಣಚೀಲದ ಹಿಂದಿನ ಬೆರಳಲ್ಲಿ ಗುರುತಿಸಲು ಬಂದ ಮೇಲೆ, ಮೂತ್ರ ಶುರುವಾಗುವ ಮೊದಲ ಕ್ಷಣದಲ್ಲಿ ಒಳಗೆ ಏನೋ ಬಿಟ್ಟುಕೊಡುತ್ತದಲ್ಲ, ಅದನ್ನು ನೆನಪಿಸಿಕೊಳ್ಳಲು ಹೇಳಬೇಕು. ಕೆಲವರಿಗೆ ಇದು ಮೊದಲ ದಿನವೇ ಸಿಗುತ್ತದೆ, ಇನ್ನು ಕೆಲವರಿಗೆ ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಎಣಿಸುವ ಹಾಳೆಯನ್ನು ಅವರ ಕೈಗೆ ಕೊಡಬಾರದು.